ಹಳಿಯವರು ದೋಣಿಗೆ ಪಟ್ಟಿ ಕಟ್ಟಿದ್ದು

ಹಳಿ ಕೆಲಸಕ್ಕೆ ಹೊಸದಾಗಿ ಸೇರುವವರಿಗೆ ಎಲ್ಲಕ್ಕಿಂತ ಮೊದಲು ಒಂದು ಮಾತು. ನಿಮ್ಮ ಕೈಗೆ ಬರುವ ಕೆಲಸದ ಚೀಟಿಯನ್ನು ಬರೆದವರು ಆ ಕೆಲಸವನ್ನು ಕಣ್ಣಾರೆ ಕಂಡಿರುವುದಿಲ್ಲ. ಚೀಟಿ ಓದಿದ ಕೂಡಲೇ ಸಾಮಾನು ಹೊರಡಿಸಬೇಡಿ. ಒಬ್ಬರು ಮುಂಚೆ ಹೋಗಿ ನೋಡಿಕೊಂಡು ಬನ್ನಿ.

ನಾನು ಊರಿಗಾಂನಲ್ಲಿ ಚಿನ್ನದ ಗಣಿಯ ಮೇಲ್ಗಡೆಯ ಹಳಿ ವಿಭಾಗಕ್ಕೆ ಸೇರಿದ್ದು ಐವತ್ತರ ದಶಕದ ಆರಂಭದಲ್ಲಿ. ಗ್ಯಾಂಗ್‌ಮನ್ ಆಗಿ ಸೇರಿ ಮೇಸ್ತ್ರಿಯಾಗಿ ಹೊರಬಂದೆ. ನಡುವಿನ ಬಡ್ತಿಗಳ ವಿವರ ಯಾರಿಗೂ ಬೇಕಿಲ್ಲ. ಅದಿರಿನ ಗಾಲಿ ತೊಟ್ಟಿಗಳು ಗಣಿಗೆ ಇಳಿಯುವ ಬಾವಿಯ ಬಾಯಿಂದ ಅದಿರು ಅರೆಯುವ ಮಿಲ್ಲಿಗೆ ಓಡುವ ಕಿರಿದಾದ ಹಳಿ, ಮರದ ದಿಮ್ಮಿಗಳು ಯಾರ್ಡಿನಿಂದ ಬಾವಿಗೆ ಹೋಗುವ ಹಳಿ, ಇವು ನಮ್ಮವು. ಆಗ ಹಳಿಯ ಕೀಲುಗಳನ್ನು ಸುತ್ತಿಗೆಯಿಂದ ತಟ್ಟಿ, ದನಿ ಕೇಳಿ, ಬಿಗಿಯೋ ಸಡಿಲವೋ ಹೇಳುತ್ತಿದ್ದೆವು. ಆಮೇಲೆ ಕೀಲುಗಳನ್ನೇ ಬೆಸೆಯುವ ಪದ್ಧತಿ ಬಂತು. ಬೆಸೆದ ಹಳಿ ಎಲ್ಲಿ ತಟ್ಟಿದರೂ ಒಂದೇ ದನಿ ಕೊಡುತ್ತದೆ. ಕೆಲಸ ಕಡಿಮೆಯಾಯಿತು, ಕೇಳುವ ಕಿವಿಯೂ ಹೋಯಿತು.

ಸೇರಿದ ಹೊಸತರಲ್ಲಿ ಮಿಲ್ಲಿನ ತಿರುವಿನಲ್ಲಿ ತುಂಬಿದ ತೊಟ್ಟಿಯೊಂದು ಹಳಿ ತಪ್ಪಿ ಮಗುಚಿತು. ತೊಟ್ಟಿ ನಡೆಸುತ್ತಿದ್ದವನು ವೇಗವಾಗಿ ಬಂದನೆಂದು ಮೇಲಿನವರು ಅವನನ್ನು ಅಲ್ಲೇ ಮನೆಗೆ ಕಳಿಸಲು ಹೊರಟರು. ನಮ್ಮ ಆಗಿನ ಮೇಸ್ತ್ರಿ ತಿರುವಿನಲ್ಲಿ ಹಳಿಯ ಕೆಳಗಿನ ಅಡಿಮರವೊಂದನ್ನು ಕಾಲಿನಿಂದ ಒತ್ತಿದರು. ಕೊಳೆತಿದ್ದ ಮರ ಮೆತ್ತಗೆ ಕುಸಿಯಿತು, ಮೊಳೆ ಎದ್ದು ನಿಂತಿತು. ನೋಡಲು ಬಂದಿದ್ದ ಅರ್ಧ ಊರಿಗಾಂ ಅದನ್ನು ಕಂಡಿತು. ತೊಟ್ಟಿಯವನ ಕೆಲಸ ಉಳಿಯಿತು. ಹಳಿಯ ತಪ್ಪು ಬಯಲಲ್ಲಿ ಬಿದ್ದಿರುತ್ತದೆ, ಯಾರಿಗೂ ಮುಚ್ಚಿಡಲಾಗದು ಎಂದು ನಾನು ಆಗ ನಂಬಿದೆ. ಆ ನಂಬಿಕೆ ಎಲ್ಲ ಕೆಲಸಕ್ಕೂ ಒಪ್ಪುವುದಿಲ್ಲ ಎಂಬುದು ತಿಳಿದದ್ದು ಅರವತ್ತರ ದಶಕದಲ್ಲಿ, ಒಂದು ದೋಣಿಯಿಂದ.

ಗಣಿಗಳು ಸರ್ಕಾರದ ಕೈಗೆ ಬಂದು ಕೆಲವು ವರ್ಷಗಳಾಗಿದ್ದವು. ಬೂದಿಕೋಟೆಯ ಕಡೆ ಹೋಗುವ ದಾರಿಯ ಒಂದು ಕೆರೆಯಲ್ಲಿ ಹಿರಿಯ ಅಧಿಕಾರಿಗಳ ಚಿಕ್ಕದೊಂದು ದೋಣಿ ಸಂಘವಿತ್ತು. ಊರಿಗೆ ಹೊರಟುಹೋದ ಇಂಗ್ಲಿಷ್ ದೊರೆಯೊಬ್ಬ ತನ್ನ ದೋಣಿಯನ್ನು ಆ ಸಂಘಕ್ಕೆ ಬಿಟ್ಟುಹೋಗಿದ್ದ. ಅದು ಫೈಬರ್ ಗ್ಲಾಸಿನದು. ಸುತ್ತಲಿನ ಹಳ್ಳಿಯವರು ಅದನ್ನು ಗಾಜಿನ ದೋಣಿ ಎನ್ನುತ್ತಿದ್ದರು. ಕೂತವರ ಕಾಲು ಹೊರಗಿನಿಂದ ಕಾಣುತ್ತದೆಂದು ಕೇಳಿ ಬಂಡಿ ಕಟ್ಟಿಕೊಂಡು ನೋಡಲು ಬಂದು, ಏನೂ ಕಾಣದೆ ಬೈದುಕೊಂಡು ಹೋದವರಿದ್ದರು. ಸಂಘದ ರಿಪೇರಿಗಳನ್ನು ನಮ್ಮ ವರ್ಕ್‌ಶಾಪಿನಿಂದ ಮಾಡಿಸುವುದು ರೂಢಿ.

ಒಂದು ಬೆಳಗ್ಗೆ ನಮ್ಮ ಫೋರ್‌ಮನ್ ಆರೋಗ್ಯಸ್ವಾಮಿ ಚೀಟಿಯೊಂದನ್ನು ಹಿಡಿದುಕೊಂಡು ಬಂದರು. ಬೋಟಿನ ಎರಡೂ ಬದಿಯ ‘ರಬ್ ರೈಲ್’ ಬದಲಿಸಬೇಕೆಂದು ಅದರಲ್ಲಿತ್ತು.

“ಬೋಟಿಗೆ ಯಾಕೆ ಸಾರ್ ರೈಲು?” ಎಂದೆ.

“ನನ್ನ ಕೇಳ್ತೀಯಾ? ರೈಲ್ ಅಂತ ಬರ್ದವ್ರೆ, ರೈಲ್ ಅಂದ್ರೆ ನಮ್ಮ ಸೆಕ್ಷನ್. ನೀರಿಂದ ದಡಕ್ಕೆ ಬೋಟ್ ಎಳೆಯೋಕೆ ಹಳಿ ಇರ್ತದಪ್ಪಾ. ಅದು ಸವೆದಿರ್ತದೆ. ಹೋಗು, ಹಾಕು, ವಾ” ಎಂದರು, ‘ಬಾ’ ಎಂಬುದನ್ನು ತಮ್ಮ ತಮಿಳಿನಲ್ಲಿ.

ಹೇಳಿದ್ದು ನ್ಯಾಯವಾಗಿಯೇ ಕಂಡಿತು. ತೊಟ್ಟಿ ಓಡುವ ಜಾತಿಯ ಹಳಿ ಕೆಲವು ತುಂಡು, ಮೊಳೆ, ಹಾರೆ, ಅಳತೆಕೋಲು ಎಲ್ಲವನ್ನೂ ಲಾರಿಗೆ ಹೇರಿಸಿದೆ. ಜೊತೆಗೆ ಯಲ್ಲಪ್ಪ ಬಂದ. ಮದನಪಲ್ಲಿ ಕಡೆಯವನು, ಬಾವಿಯೊಳಗೆ ಬಹಳ ಕಾಲ ಮರದ ಆಸರೆ ಕಟ್ಟಿ, ಎದೆ ಕೆಟ್ಟ ಮೇಲೆ ಮೇಲ್ಗಡೆಗೆ ಬಂದಿದ್ದ ಬಡಗಿ.

ಕೆರೆಯ ಏರಿ ಇಳಿದರೆ ಅಲ್ಲಿ ಹಳಿಯೂ ಇಲ್ಲ, ಹಳಿಯ ಗುರುತೂ ಇಲ್ಲ. ಹೊಂಗೆಮರದ ಕೆಳಗೆ ದೋಣಿಯನ್ನು ಬಡಗಿಗಳು ಬಳಸುವ ಮರದ ಕುದುರೆಗಳ ಮೇಲೆ ಎತ್ತಿಟ್ಟಿದ್ದರು. ಅದರ ಪಕ್ಕದಲ್ಲಿ ದೋಣಿ ನಡೆಸುವ ಮುನಿವೆಂಕಟಪ್ಪ ಕುಕ್ಕರಗಾಲಲ್ಲಿ ಕೂತಿದ್ದ. ಲಾರಿಯಿಂದ ಹಳಿ ಇಳಿಯುವುದನ್ನು ಅವನು ಪೂರ್ತಿ ನೋಡಿದ. ಆಮೇಲೆ ಕೇಳಿದ:

“ಮೇಸ್ತ್ರೀ, ಇದನ್ನ ದೋಣಿಗ್ ಕಟ್ತೀರಾ? ಮುಳುಗ್ಸೋಕೆ ಇಷ್ಟೆಲ್ಲ ಯಾಕೆ? ಒಂದ್ ಗುಂಡುಕಲ್ಲು ಸಾಕಾಗಿತ್ತಲ್ಲ.”

ಯಲ್ಲಪ್ಪ ನಕ್ಕು ಕೆಮ್ಮಿದ. “ಇದಿ ಬೋಟು ಕಾದಯ್ಯಾ, ಬೋಟಲ್ಲ ಇದು, ರೈಲುಬಂಡಿ. ಮಾರಿಕುಪ್ಪಂ ತನಕ ಓಗ್ತದೆ” ಎಂದ.

ಚೀಟಿಯ ಅರ್ಥವನ್ನು ಮುನಿವೆಂಕಟಪ್ಪನೇ ಕೈಯಿಟ್ಟು ತೋರಿಸಿದ. ದೋಣಿಯ ಮೇಲಂಚಿನ ಹೊರಗಡೆ ಮೂತಿಯಿಂದ ಹಿಂಬದಿಯವರೆಗೆ ತೇಗದ ಪಟ್ಟಿಯೊಂದು ಓಡಿತ್ತು. ದಡಕ್ಕೋ ಕಲ್ಲಿಗೋ ದೋಣಿ ಉಜ್ಜಿದಾಗ ಏಟು ತಾನು ತಿನ್ನಲೆಂದು ಹಾಕುವ ಪಟ್ಟಿ ಅದು. ಇಂಗ್ಲಿಷಿನವರು ಅದನ್ನೂ ರೈಲ್ ಎನ್ನುತ್ತಾರೆ. ಎಡಬದಿಯಲ್ಲಿ ಅದು ಕಿತ್ತು ಜೋತಾಡುತ್ತಿತ್ತು.

ಚೀಟಿ ವಾಪಸು ಕಳಿಸಬಹುದಿತ್ತು. ಆದರೆ ಹಾಗೆ ಕಳಿಸಿದರೆ ಓದಲು ಬಾರದವರು ಎಂಬ ಹೆಸರು ಫೋರ್‌ಮನ್ನರಿಗೆ ಬರುತ್ತಿತ್ತು. ಸಂಜೆ ಹೋಗಿ ಹೇಳಿದಾಗ ಅವರು ತಲೆ ಕೆರೆದುಕೊಂಡು, “ರೈಲ್ ಅಂತ ಬಂದಿದೆ, ರೈಲ್ ಅಂತ್ಲೇ ಮುಗ್ಸು. ಹಳಿ ಬಗ್ಸೋನಿಗೆ ಮರ ಬಗ್ಸೋಕೆ ಬರಲ್ವಾ?” ಎಂದರು.

ಮರುದಿನ ಮುನಿವೆಂಕಟಪ್ಪ ನಗಲಿಲ್ಲ. ಅವನ ಸಂಗತಿ ಗೊತ್ತಾದದ್ದು ಅಂದೇ. ಸಂಘದ ಅತಿಥಿಗಳನ್ನು ಕೂರಿಸಿಕೊಂಡು ಹೋಗಿದ್ದಾಗ ದೋಣಿಗೆ ಪಕ್ಕದಿಂದ ನೀರು ನುಗ್ಗಿ, ಹೆಂಗಸರ ಸೀರೆಗಳು ಮೊಣಕಾಲಿನವರೆಗೆ ನೆನೆದಿದ್ದವು. ದಡ ಸೇರಿಸುವಷ್ಟರಲ್ಲಿ ಪಟ್ಟಿ ಕಿತ್ತುಬಂದಿತ್ತು. ಅವನು ದೋಣಿಯನ್ನು ಮೆಟ್ಟಿಲ ಕಲ್ಲಿಗೆ ಹೊಡೆದು ಒಡೆದನೆಂಬ ಆರೋಪ ಬಂದಿತ್ತು. ವಿಚಾರಣೆ ಮುಗಿಯುವವರೆಗೆ ಅವನು ದೋಣಿ ಹತ್ತುವಂತಿರಲಿಲ್ಲ.

“ತಗುಲ್ಸಿಲ್ಲ ಅಂತ ಸುಳ್ಳೇಳಾಕಿಲ್ಲ ಮೇಸ್ತ್ರೀ” ಎಂದ ಅವನು. “ತಗುಲ್ತು. ಎಮ್ಮೆ ಗೋಡೆಗೆ ಮೈ ಉಜ್ಜಿದಂಗೆ ತಗುಲ್ತು. ಅದಕ್ಕೆ ಗೋಡೆ ಬೀಳ್ತದಾ? ನೀರು ಅದಕ್ಕಿಂತ ಮುಂಚೆನೇ ಒಳಗೆ ಬರ್ತಿತ್ತು. ಬೇಸಿಗೇಲೇ ಏಳಿದ್ದೆ, ಒಳಗೆ ಒದ್ದೆ ಐತೆ ಸಾಮಿ ಅಂತ. ಯಾರೂ ಕಿವಿಗಾಕ್ಕಳ್ಳಿಲ್ಲ.”

“ವಿಚಾರಣೇಲಿ ಹೇಳು.”

“ಏಳ್ತೀನಿ. ನಾವು ಬೆಸ್ತರು ಕಣಣ್ಣ. ನಮ್ಮಪ್ಪ ಇದೇ ಕೆರೇಲಿ ಅರಿಗೋಲು ಆಕ್ತಿದ್ದ. ಕೆಲ್ಸ ಓದ್ರೆ ಓಗ್ಲಿ ಅನ್ಬೋದು. ಬೆಸ್ತನ ಮಗ ದೋಣಿ ಕಲ್ಲಿಗ್ ವಡ್ದ ಅಂತ ಆದ್ರೆ, ಈ ನೀರಿಗೆ ನಾನು ಇಳಿಯಂಗಿಲ್ಲ.”

ಕೆಲಸಕ್ಕೆ ಕೈ ಹಾಕಿದೆವು. ಹಳೆಯ ದೋಣಿಯೊಂದಕ್ಕೆ ಈ ಪಟ್ಟಿ ಬದಲಿಸುವ ಕ್ರಮವನ್ನು ಇಲ್ಲಿ ಬರೆದಿಡುತ್ತೇನೆ, ಯಾರಿಗಾದರೂ ಬೇಕಾದೀತು. ಹಳೆಯ ಪಟ್ಟಿಯನ್ನು ಹಾರೆ ಹಾಕಿ ಎಬ್ಬಿಸಬಾರದು, ಅಂಚು ಸೀಳುತ್ತದೆ. ತಿರುಪು ಮೊಳೆಗಳನ್ನು ಒಂದೊಂದಾಗಿ ಬಿಚ್ಚಬೇಕು. ತಲೆ ಸವೆದು ಜಾರುವ ಮೊಳೆಗೆ ಕಾಯಿಸಿದ ಕಬ್ಬಿಣದ ತುದಿ ಮುಟ್ಟಿಸಿ ಕಾಯಬೇಕು. ಅಲ್ಲಿಯವರೆಗೆ ನನಗೆ ಗೊತ್ತಿರದ ಒಂದು ವಿಷಯವೆಂದರೆ ಈ ಜಾತಿಯ ದೋಣಿ ಒಂದೇ ತುಂಡಲ್ಲ. ತಳದ ಭಾಗವೊಂದು, ಮೇಲಿನ ಮುಚ್ಚಳ ಒಂದು. ಡಬ್ಬಿಗೆ ಮುಚ್ಚಳ ಕೂರಿಸಿದ ಹಾಗೆ ಎರಡನ್ನೂ ಅಂಚಿನಲ್ಲಿ ಸೇರಿಸಿರುತ್ತಾರೆ. ಆ ಸೇರಿಕೆಯ ಗೆರೆಯ ಮೇಲೆಯೇ ಪಟ್ಟಿ ಕೂರುತ್ತದೆ. ಹಾಗಾಗಿ ಪಟ್ಟಿ ಬಿಚ್ಚಿದಾಗ ಮಾತ್ರ ಒಳಗಿನದು ಕಾಣುವುದು.

ಮೂಲ ಮೊಳೆಗಳೆಲ್ಲ ಹಿತ್ತಾಳೆಯವು. ಅವುಗಳ ನಡುವೆ ಅಲ್ಲಲ್ಲಿ ಕಬ್ಬಿಣದ ಬೋಲ್ಟುಗಳು ಸಿಕ್ಕವು. ತುಕ್ಕು ಹಿಡಿದು ಊದಿ, ಸುತ್ತಲಿನ ಫೈಬರನ್ನು ಬಿರಿಸಿದ್ದವು. ಸುತ್ತಿಗೆಯ ಹಿಡಿಯಿಂದ ಅಂಚನ್ನು ತಟ್ಟುತ್ತಾ ಹೋದೆ. ಮೂತಿಯ ಕಡೆ ಗಟ್ಟಿ ದನಿ, ಬೋಲ್ಟು ಇದ್ದ ಕಡೆಯೆಲ್ಲ ಕುಂಬಳಕಾಯಿ ತಟ್ಟಿದ ದನಿ. ಸೇರಿಕೆಯ ಒಳಗಡೆ ಆಸರೆಗೆಂದು ಹಾಕಿದ್ದ ಮರದ ರೀಪು ಕೊಳೆತು, ಬೆರಳಿಟ್ಟರೆ ಕಾಫಿ ಗಸಿಯಂತೆ ಉದುರುತ್ತಿತ್ತು. ಒಂದು ಮಳೆಗಾಲದಲ್ಲಿ ಆಗುವ ಕೊಳೆ ಅದಲ್ಲ.

“ಈ ಬೋಲ್ಟು ಯಾರು ಹಾಕಿದ್ದು?” ಎಂದು ಕೇಳಿದೆ.

“ದೋಣಿ ಮ್ಯಾಲಿನ ಚಪ್ಪರದ ಕಂಬಕ್ಕೆ” ಎಂದ ಮುನಿವೆಂಕಟಪ್ಪ. “ಸೆಕ್ರೆಟ್ರಿ ಸಾಯೇಬ್ರು ನಿಲ್ಸಿದ್ದು. ಅಮ್ಮಾವ್ರಿಗೆ ಬಿಸ್ಲಾಗ್ತದೆ ಅಂತ. ಬೈರ್ಗೆ ಇಡ್ಕಂಡು ಅವ್ರೇ ತೂತ್ ವಡ್ದ್ರು. ನಾನ್ ದೋಣಿ ಇಡ್ಕಂಡಿದ್ದೆ.”

ಸಂಘದ ಕಾರ್ಯದರ್ಶಿ ಎಂದರೆ ನಮ್ಮ ವರ್ಕ್‌ಶಾಪಿನ ಎಂಜಿನಿಯರರೇ. ವಿಚಾರಣೆ ಮಾಡುವವರೂ ಅವರೇ.

ಅಂದೇ ಫೋರ್‌ಮನ್ನರಿಗೆ ತಿಳಿಸಿದೆ. ಮುಚ್ಚುವ ಮೊದಲು ಎಂಜಿನಿಯರರು ಒಮ್ಮೆ ನೋಡಬೇಕು ಎಂದೆ. ಮರುದಿನ ಅವರನ್ನು ಆರೋಗ್ಯಸ್ವಾಮಿಯವರೇ ಜೀಪಿನಲ್ಲಿ ಕರೆತಂದರು. ನಾನು ತೂತುಗಳನ್ನು ಒಂದೊಂದಾಗಿ ತೋರಿಸಿದೆ, ಬೋಲ್ಟುಗಳನ್ನು ಅಂಗೈಯಲ್ಲಿಟ್ಟು ತೋರಿಸಿದೆ. ಎಂಜಿನಿಯರರು ಒಂದು ತೂತಿನಲ್ಲಿ ಬೆರಳಿಟ್ಟರು, ಹೊರತೆಗೆದರು, ಕರ್ಚೀಫಿನಿಂದ ಒರೆಸಿಕೊಂಡರು.

“ಇದು ಹಳೇ ಕೊಳೆ ಅಲ್ವಾ ಸಾರ್?” ಎಂದೆ.

“ಹೌದು, ಹಳೇದು” ಎಂದರು. “ಪೂರ್ತಿ ತೆಗೀರಿ. ಹೊಸ ಮರ ಹಾಕಿ, ತೂತೆಲ್ಲ ಮುಚ್ಚಿ. ಇನ್ನೊಂದು ಹನಿ ನೀರು ಒಳಗೆ ಹೋಗಬಾರದು.”

ಮುನಿವೆಂಕಟಪ್ಪ ಇದನ್ನು ಕೇಳಿಸಿಕೊಂಡ. ಎಂಜಿನಿಯರರು ಹೋದ ಮೇಲೆ ಅವನು ನನ್ನ ಹತ್ತಿರ ಬಂದು, “ಅಣ್ಣಾ, ಅವ್ರ ಬಾಯಲ್ಲೇ ಬಂತಲ್ಲ, ಅಳೇದು ಅಂತ. ಇನ್ನೇನ್ ಬೇಕು?” ಎಂದ. ಇನ್ನೇನೂ ಬೇಕಿಲ್ಲ ಎಂದು ನಾನೂ ಅಂದುಕೊಂಡೆ. ಕಣ್ಣಾರೆ ನೋಡಿ, ಬೆರಳಿಟ್ಟು ನೋಡಿ, ಬಾಯಿಬಿಟ್ಟು ಹೇಳಿದ್ದರು.

ಆಮೇಲೆ ಮಾಡಿದ ಕೆಲಸ ನನ್ನ ಸೇವೆಯಲ್ಲಿ ನಾನು ಮಾಡಿದ ಒಳ್ಳೆಯ ಕೆಲಸಗಳಲ್ಲಿ ಒಂದು. ತೇಗದ ಪಟ್ಟಿಯನ್ನು ಬಗ್ಗಿಸಲು ಯಲ್ಲಪ್ಪ ಹಳೆಯ ಕೊಳವೆಯೊಂದರ ಒಂದು ಬಾಯಿ ಮುಚ್ಚಿ, ಅದರೊಳಗೆ ಪಟ್ಟಿಯಿಟ್ಟು, ಡ್ರಮ್ಮಿನಲ್ಲಿ ನೀರು ಕುದಿಸಿ ಹಬೆ ಹಾಯಿಸಿದ. ಮೆತ್ತಗಾದ ಪಟ್ಟಿಯನ್ನು ಮೂತಿಯಲ್ಲಿ ಮೊದಲು ಬಿಗಿದು, ಹಳಿಯನ್ನು ತಿರುವಿಗೆ ತರುವ ಹಾಗೆಯೇ ಸ್ವಲ್ಪ ಸ್ವಲ್ಪವಾಗಿ ಹಿಂದಕ್ಕೆ ತಂದೆವು. ನಡುವಿನಲ್ಲಿ ಒತ್ತಿದರೆ ಮರವೂ ಹಳಿಯಂತೆಯೇ ಮೊಣಕೈ ಮಡಿಚುತ್ತದೆ. ಒಬ್ಬ ತುದಿ ಹಿಡಿದಿರಬೇಕು, ಒಬ್ಬ ಬಿಗಿಯಬೇಕು. ತುದಿ ಹಿಡಿದದ್ದು ಮುನಿವೆಂಕಟಪ್ಪ. ದೋಣಿ ಹತ್ತಬಾರದೆಂದಿದ್ದರೇ ಹೊರತು ಮುಟ್ಟಬಾರದೆಂದು ಯಾರೂ ಹೇಳಿರಲಿಲ್ಲ. ಹಳೆಯ ತೂತುಗಳಿಗೆ ತೇಗದ ಬಿರಡೆ ಬಡಿದು, ಅಗಸೆ ಎಣ್ಣೆಯಲ್ಲಿ ಕಲೆಸಿದ ಸಫೇದದ ಬಿಳಿ ಲೇಪವನ್ನು ಸೇರಿಕೆಯ ಉದ್ದಕ್ಕೂ ಮೆತ್ತಿ, ಹಿತ್ತಾಳೆ ಮೊಳೆಗಳಿಂದ ಪಟ್ಟಿ ಬಿಗಿದೆವು. ಬಿಚ್ಚಿಟ್ಟಿದ್ದ ಚಪ್ಪರದ ಕಂಬಗಳನ್ನು ಮತ್ತೆ ಹಾಕಲು ಯಾರೂ ಹೇಳಲಿಲ್ಲ. ಅವು ಅಲ್ಲಿಂದ ಎತ್ತ ಹೋದವೋ ನಾನು ನೋಡಲಿಲ್ಲ.

ವಿಚಾರಣೆ ಸಂಘದ ಜಗಲಿಯಲ್ಲಿ ನಡೆಯಿತು. ಎಂಜಿನಿಯರರು ಕುರ್ಚಿಯಲ್ಲಿ, ಪಕ್ಕದಲ್ಲಿ ಸಂಘದ ಇನ್ನಿಬ್ಬರು. ಮುನಿವೆಂಕಟಪ್ಪ ತನ್ನ ಮಾತು ಹೇಳಿದ. ಕಂಬದ ತೂತುಗಳಿಂದ ನೀರಿಳಿದು ಮರ ಕೊಳೆತಿತ್ತು, ಹಳಿ ಮೇಸ್ತ್ರಿ ನೋಡಿದ್ದಾರೆ ಎಂದ. ನನ್ನನ್ನು ಕರೆದರು.

“ನೀನು ಯಾವ ಸೆಕ್ಷನ್?” ಎಂದರು ಎಂಜಿನಿಯರರು. ಎಷ್ಟೋ ವರ್ಷ ಅವರ ಕೈಕೆಳಗೇ ದುಡಿದಿದ್ದೆ.

“ಹಳಿ, ಸಾರ್.”

“ಎಷ್ಟು ದೋಣಿ ರಿಪೇರಿ ಮಾಡಿದ್ದೀಯ?”

“ಇದೊಂದೇ.”

“ದೋಣಿ ಯಾಕೆ ಕೊಳೆಯುತ್ತದೆ, ಎಷ್ಟು ದಿನಕ್ಕೆ ಕೊಳೆಯುತ್ತದೆ ಅಂತ ನಿನಗೆ ಯಾರು ಹೇಳಿಕೊಟ್ಟರು?”

“ಅಡಿಮರ ಕೊಳೆಯೋದನ್ನ ನೋಡಿದ್ದೀನಿ ಸಾರ್. ಮರ ಎಲ್ಲಿದ್ರೂ ಮರವೇ. ತಾವೂ ಬೆರಳಿಟ್ಟು ನೋಡಿದ್ರಿ. ಹಳೇದು ಅಂದ್ರಿ.”

“ಹಳೇದು ಅಂದೆ. ದೋಣಿ ಹಳೇದು” ಎಂದರು ಅವರು. ಪಕ್ಕದ ಇಬ್ಬರೂ ನಕ್ಕರು. ರಿಪೇರಿ ಮಾಡುವಾಗ ರೈಲ್ ಎಂಬ ಒಂದು ಪದ ಸಾಕಾಗಿತ್ತು ನನ್ನನ್ನು ಕಳಿಸಲು. ಸಾಕ್ಷಿ ಹೇಳುವಾಗ ಅದೇ ಪದ ನನ್ನನ್ನು ಬಾಗಿಲಾಚೆ ನಿಲ್ಲಿಸಿತು. ಫೋರ್‌ಮನ್ ಆರೋಗ್ಯಸ್ವಾಮಿ ಅಲ್ಲಿಯೇ ಇದ್ದರು. ಟೋಪಿಯನ್ನು ತಿರುಗಿಸಿ ತಿರುಗಿಸಿ ಒಳಗಿನ ಹೊಲಿಗೆಯನ್ನು ನೋಡುತ್ತಿದ್ದರು. ಅವರನ್ನು ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

“ಆ ಕೊಳೆತ ಮರ ಎಲ್ಲಿ?” ಎಂದು ಪಕ್ಕದವರಲ್ಲೊಬ್ಬರು ಕೇಳಿದರು. ಅದು ಸರಿಯಾದ ಪ್ರಶ್ನೆ.

ಬಾಗಿಲ ಬಳಿ ನಿಂತಿದ್ದ ಯಲ್ಲಪ್ಪನನ್ನು ನೋಡಿದೆ. ಅವನ ಮುಖ ನೋಡಿಯೇ ತಿಳಿಯಿತು.

“ಸುಟ್ಟೆ ಸಾಮೀ” ಎಂದ ಅವನು.

ಬಾವಿಯೊಳಗೆ ಮರ ಕಟ್ಟುವವರಿಗೆ ಒಂದು ಕಟ್ಟುನಿಟ್ಟಿನ ನಿಯಮವಿದೆ. ಕೊಳೆತ ಮರವನ್ನು ಹೊಸ ಮರದ ಹತ್ತಿರ ಒಂದು ಪಾಳಿಯೂ ಬಿಡಬಾರದು. ಬೂಸ್ಟು ಹೊಸದಕ್ಕೆ ಹತ್ತುತ್ತದೆ, ಆಮೇಲೆ ಆಸರೆ ಕುಸಿಯುತ್ತದೆ. ತೆಗೆದ ಕೂಡಲೇ ಮೇಲಕ್ಕೆ ಕಳಿಸಿ ಸುಡಬೇಕು. ಯಲ್ಲಪ್ಪ ಇಪ್ಪತ್ತು ವರ್ಷದ ಆ ಅಭ್ಯಾಸದಂತೆ ದೋಣಿಯ ಕೊಳೆತ ರೀಪನ್ನೂ ಹಳೆಯ ಪಟ್ಟಿಯನ್ನೂ ಒಂದು ಚೂರು ಬಿಡದೆ ಒಣಗಿಸಿ, ಹಬೆಯ ಡ್ರಮ್ಮಿನ ಕೆಳಗೆ ಹಾಕಿದ್ದ. ಹೊಸ ಪಟ್ಟಿ ಬಗ್ಗಿದ್ದು ಆ ಬೆಂಕಿಯಲ್ಲಿ. ಬೋಲ್ಟುಗಳು ನನ್ನ ಬಳಿ ಇದ್ದವು. ಜೇಬಿನಿಂದ ತೆಗೆದು ಮೇಜಿನ ಮೇಲಿಟ್ಟೆ. ವರ್ಕ್‌ಶಾಪಿನಲ್ಲಿ ಇಂಥ ತುಕ್ಕು ಬೋಲ್ಟು ಬುಟ್ಟಿಗಟ್ಟಲೆ ಸಿಗುತ್ತವೆ ಎಂದರು ಎಂಜಿನಿಯರರು. ಆ ಮಾತು ನಿಜವೇ.

ಮುನಿವೆಂಕಟಪ್ಪ ಆಗ ದನಿ ಎತ್ತದೆ, “ಪಟ್ಟಿ ಬಿಚ್ಚಿ ನೋಡಿ ಸಾಮೀ. ತೂತು ಎಲ್ಲಿಗ್ ಓಗ್ತಾವೆ? ಒಳಗೇ ಅವೆ” ಎಂದ.

“ಈಗಲೇ ಬಿಚ್ತೀನಿ ಸಾರ್” ಎಂದು ನಾನೂ ಹೇಳಿದೆ.

“ಇಷ್ಟು ಚೆನ್ನಾಗಿ ಮಾಡಿದ ಕೆಲಸವನ್ನ ಹಾಳು ಮಾಡ್ತೀಯಾ?” ಎಂದರು ಎಂಜಿನಿಯರರು. ಅವರ ದನಿಯಲ್ಲಿ ಕೋಪವಿರಲಿಲ್ಲ. “ಬಿಚ್ಚಿದರೆ ಏನು ಕಾಣುತ್ತೆ ಹೇಳು. ಹೊಸ ಮರ ಕಾಣುತ್ತೆ, ಬಿರಡೆ ಕಾಣುತ್ತೆ. ಬಿರಡೆ ಬಡಿದವನು ನೀನು.”

ವಿಚಾರಣೆ ಅಲ್ಲಿಗೆ ಮುಗಿಯಿತು. ಅಜಾಗರೂಕತೆಯಿಂದ ದೋಣಿಯನ್ನು ಕಲ್ಲಿಗೆ ತಾಕಿಸಿದ ಕಾರಣಕ್ಕೆ ಮುನಿವೆಂಕಟಪ್ಪನನ್ನು ತೆಗೆದುಹಾಕಿದರು.

ವಾಪಸು ಆರೋಗ್ಯಸ್ವಾಮಿಯವರ ಜೊತೆ ಜೀಪಿನಲ್ಲಿ ಬಂದೆ. ಊರಿಗಾಂ ಬಂದ ಮೇಲೆ ಅವರು, “ವಿಟ್ಟುಡಪ್ಪಾ, ಬಿಟ್ಟುಬಿಡು” ಎಂದರು. “ನಮ್ಮದಲ್ಲ ಅದು. ನಮಗೆ ಹಳಿ ಇದೆ, ಹಳಿ ನೋಡು.”

“ನಮ್ಮದಲ್ಲ ಅಂತ ಚೀಟಿ ಬಂದ ದಿನ ಹೇಳಬೇಕಿತ್ತು ಸಾರ್” ಎಂದೆ. ಅವರು ಇಳಿದು ಹೋದರು. ಕೆಟ್ಟವರಲ್ಲ. ನನ್ನ ಹೆಂಡತಿ ಆಸ್ಪತ್ರೆಯಲ್ಲಿದ್ದಾಗ ರಜೆಯ ಮಾತೆತ್ತದೆ ಕಳಿಸಿಕೊಟ್ಟವರು. ಒಳ್ಳೆಯವರು ಬಾಯಿ ಮುಚ್ಚಿಕೊಂಡು ಕೂತಿದ್ದರಿಂದ ಆದ ಕೇಡುಗಳನ್ನು ನಾನು ಗಣಿಯಲ್ಲಿ ಹೆಚ್ಚು ಕಂಡಿದ್ದೇನೆ, ಕೆಟ್ಟವರ ಕೇಡಿಗಿಂತ.

ಯಲ್ಲಪ್ಪ ಆ ವಿಷಯವನ್ನು ಮತ್ತೆ ಎತ್ತಲಿಲ್ಲ. ಆದರೆ ಅವನು ನಿವೃತ್ತನಾಗುವವರೆಗೆ, ಎಲ್ಲಿ ಏನು ಬಿಚ್ಚಿದರೂ, ಹಳೆಯ ಮರವನ್ನು ಗೋಡೆಯ ಬದಿಗೆ ಜೋಡಿಸಿಟ್ಟು, “ಉಂಡನೀ ಮೇಸ್ತ್ರೀ” ಎನ್ನುತ್ತಿದ್ದ. ಇರಲಿ ಬಿಡಿ ಎಂದರ್ಥ. ಆ ಮರದಿಂದ ನಮ್ಮ ಶೆಡ್ಡಿನ ತೊಲೆಗೂ ಬೂಸ್ಟು ಹತ್ತಿತು.

ಈಗ ಸೇರುವವರಿಗೆ ನನ್ನ ಎರಡನೆಯ ಮಾತು ಇದು. ಏನನ್ನಾದರೂ ಮುಚ್ಚುವ ಮೊದಲು ಒಬ್ಬ ದೊಡ್ಡವರನ್ನು ಕರೆದು ತೋರಿಸಿದರೆ ಸಾಲದು. ದಾರಿಯಲ್ಲಿ ಹೋಗುವವರನ್ನೆಲ್ಲ ಕರೆಯಿರಿ. ದನ ಮೇಯಿಸುವವರಿದ್ದರೆ ಅವರನ್ನೂ ಕರೆಯಿರಿ. ಒಬ್ಬರು ನೋಡಿದ್ದನ್ನು ಆ ಒಬ್ಬರೇ ಇಲ್ಲವೆನ್ನಬಹುದು.

ಆ ದೋಣಿ ಆಮೇಲೆ ಅನೇಕ ವರ್ಷ ಕೆರೆಯಲ್ಲಿ ಓಡಿತೆಂದು ಕೇಳಿದ್ದೇನೆ, ನೋಡಿಲ್ಲ. ಮುನಿವೆಂಕಟಪ್ಪನನ್ನು ಮಾತ್ರ ಒಮ್ಮೆ ನೋಡಿದೆ. ಬಂಗಾರಪೇಟೆ ಸ್ಟೇಷನ್ನಿನಲ್ಲಿ ಮಾರಿಕುಪ್ಪಂ ಗಾಡಿಗೆ ಕಾಯುತ್ತಿದ್ದೆ. ಸರಕಿನ ಕಡೆಯಿಂದ ಮೂಟೆ ಹೊತ್ತು ಬರುತ್ತಿದ್ದ ಇಬ್ಬರಲ್ಲಿ ಒಬ್ಬ ನನ್ನನ್ನು ಕಂಡು ನಿಂತ. ಮೂಟೆ ಇಳಿಸಿ, ತಲೆಯ ಟವಲು ಬಿಚ್ಚಿ ಮುಖ ಒರೆಸಿಕೊಂಡ.

“ಚೆನ್ನಾಗಿದ್ದೀರಾ ಮೇಸ್ತ್ರಣ್ಣ?”

“ಇದ್ದೀನಪ್ಪ. ನೀನು ಕೆರೆ ಕಡೆ...”

“ಆ ಕಡೆ ಓಗಾಕಿಲ್ಲ. ಈ ಕಡೆ ನೀರಿಲ್ಲ, ವಾಸಿ” ಎಂದ. ಆಮೇಲೆ ಜೊತೆಯವನ ಕಡೆ ತಿರುಗಿದ. “ಲೇ, ಇವ್ರೇ ಕಣ್ಲಾ ಆ ಮೇಸ್ತ್ರಿ. ಗಾಜಿನ ದೋಣಿಗೆ ಪಟ್ಟಿ ಕಟ್ಟಿದ್ರಲ್ಲ, ಅವ್ರು. ಏನ್ ಕೈ ಅಂತೀಯಾ. ತುದಿ ನಾನೇ ಇಡ್ಕಂಡಿದ್ದೆ. ಒಳಗೆ ಏನಿತ್ತು ಅಂತ ದೇವ್ರು ಬಂದು ನೋಡಿದ್ರೂ ಗೊತ್ತಾಗಾಕಿಲ್ಲ.”

ಜೊತೆಯವನು ನನಗೆ ಕೈಮುಗಿದ. ನಾನು ಮುನಿವೆಂಕಟಪ್ಪನ ಮುಖ ನೋಡಿದೆ. ಚುಚ್ಚಲು ಹೇಳಿದ್ದರೆ ಏನಾದರೂ ಉತ್ತರ ಕೊಡಬಹುದಿತ್ತು. ಅವನು ಕೆಲಸವನ್ನು ಹೊಗಳುತ್ತಿದ್ದ.